ಹಿಪ್ಪರಗಾದ ಢೋಲಕಿಬಾಯಿ

ಯೋಗಿತಾ ಅಳಲಿಲ್ಲ. ವೈಜನಾಥನಿಗೆ ಕಸಿವಿಸಿಯಾದದ್ದೇ ಅದರಿಂದ. ಉಮರ್ಗಾದ ಪೇಟೆಯಲ್ಲಿ ಅವನ ಕಿರಾಣಿ ಅಂಗಡಿಯ ಮೇಲಿನ ಮಾಳಿಗೆಗೆ ಕಷ್ಟ ಹೇಳಿಕೊಳ್ಳಲು ಬರುವವರೆಲ್ಲ ಮೊದಲು ಒಂದಿಷ್ಟು ಅತ್ತು, ಆಮೇಲೆ ಚಹಾ ಕುಡಿದು, ಆಮೇಲೆ ಮಾತಿಗೆ ಬರುವವರು. ಈ ಹುಡುಗಿ ಉದಗೀರದಿಂದ ನಿಲಂಗಾದಲ್ಲಿ ಎಸ್‌ಟಿ ಬಸ್ಸು ಬದಲಿಸಿ ಬಂದವಳು, ಚಹಾದ ಬಸಿಯನ್ನು ಬಾಯಿಗಿಡದೆ ಪಕ್ಕಕ್ಕೆ ಸರಿಸಿ ನೆಟ್ಟಗೆ ಕುಳಿತಿದ್ದಳು.

"ನಮ್ಮಪ್ಪನ ಮ್ಯಾಲ ಕಳ್ಳತನದ ಆರೋಪ ಬಂದದ ಮಾವಶಿ" ಎಂದಳು. "ಇಂದಿಲ್ಲ ನಾಳಿ ಹಿಡಕೊಂಡು ಹೋಗ್ತಾರ. ಅಪ್ಪ ಬಾಯೇ ಬಿಡವಲ್ಲರು."

ಮಾವಶಿ, ಎಂದರೆ ಚಿಕ್ಕಮ್ಮ, ಎನಿಸಿಕೊಂಡ ಸುಮನಬಾಯಿ ವೈಜನಾಥನ ವೈನಿ, ತೀರಿಹೋದ ಅಣ್ಣನ ಹೆಂಡತಿ. ಪೊಲೀಸ್ ಖಾತೆಯಲ್ಲಿ ಫೌಜದಾರಳಾಗಿದ್ದು ನಿವೃತ್ತಳಾಗಿ ಬಂದಿದ್ದಳು; ಊರು ಮಾತ್ರ ಅವಳಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಯಾರ ಮನೆಯಲ್ಲಿ ಏನು ಕಳೆದರೂ ಜನ ಮೊದಲು ಈ ಮೆಟ್ಟಿಲು ಹತ್ತುವರು, ಠಾಣೆಯ ಮೆಟ್ಟಿಲು ಆಮೇಲೆ. ಬಂದವರ ಚಹಾಕ್ಕೆ ಸಕ್ಕರೆ ವೈಜನಾಥನ ಅಂಗಡಿಯದು, ತಿರುಗಾಡುವ ಜೀಪು ವೈಜನಾಥನದು, ಇವರು ಹೋದ ಮೇಲೆ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಇಬ್ಬರನ್ನೂ ಬೈಯುವ ಹೆಂಡತಿಯೂ ವೈಜನಾಥನವಳೇ. ಬಿಟ್ಟು ಸುಮ್ಮನಿರೋಣ ಎಂದರೆ ಅವನಿಗೇ ಅನ್ನ ಸೇರುತ್ತಿರಲಿಲ್ಲ.

"ಮೊದಲ ಚಹಾ ಕುಡಿ" ಎಂದಳು ಸುಮನಬಾಯಿ. "ಆರಿದ ಚಹಾ, ಆರಿದ ಸುದ್ದಿ, ಎರಡೂ ನನಗ ಸೇರೂದಿಲ್ಲ. ಕುಡದು ಮೊದಲಿಂದ ಹೇಳು."

ಯೋಗಿತಾಳ ತಂದೆ ಪಂಡಿತ ಹುಡಗೆ ವಾಸ್ತುಶಿಲ್ಪಿ. ಉದಗೀರದ ಒಂದು ಕಾಲೇಜಿನಲ್ಲಿ ಜೀವಮಾನವೆಲ್ಲ ಪಾಠ ಹೇಳಿದವರು. ಅವರ ಜೊತೆಯವರು ಪುಣೆಯಲ್ಲಿ ಬಂಗಲೆ ಕಟ್ಟಿಸಿ ಹೆಸರು ಮಾಡುವಾಗ ಇವರು ಹಳೆಯ ಗುಡಿ, ದರ್ಗಾ, ಮೆಟ್ಟಿಲು ಬಾವಿ ಅಂತ ಊರೂರು ತಿರುಗಿ, ಬಿದ್ದದ್ದನ್ನು ಮೊದಲಿದ್ದ ಹಾಗೇ ಎತ್ತಿ ನಿಲ್ಲಿಸುತ್ತಿದ್ದರು. ನಿಲಂಗಾದ ಆಚೆ ಕಲಹಿಪ್ಪರಗಾ ಎಂಬ ಹಳ್ಳಿಯ ಕರಿಕಲ್ಲಿನ ಸೋಮನಾಥ ಗುಡಿ ಅವರು ಮುಗಿಸಿದ ಕೊನೆಯ ಕೆಲಸ. ಅರಳಿಯ ಬೇರು ಗೋಡೆ ಸೀಳಿದ್ದರಿಂದ ಕಲ್ಲು ಕಲ್ಲಾಗಿ ಬಿಚ್ಚಿ, ಕಳೆದ ದೀಪಾವಳಿ ಆದ ಸ್ವಲ್ಪ ದಿನಕ್ಕೆ ಮತ್ತೆ ಕಟ್ಟಿ ಮುಗಿಸಿದ್ದರು.

ಆ ಗೋಡೆಯಲ್ಲಿ ಢೋಲಕಿ ಬಾರಿಸುವ ಹೆಣ್ಣಿನ, ಮೊಳದೆತ್ತರದ ಒಂದು ಶಿಲ್ಪ. ಊರವರ ಬಾಯಲ್ಲಿ ಢೋಲಕಿಬಾಯಿ. ಮಗು ಹುಟ್ಟಿದರೆ ಮೊದಲ ಕುಂಕುಮ ಅವಳಿಗೆ. ಹೋದ ತಿಂಗಳು ಹೈದರಾಬಾದಿನ ಹತ್ತಿರ ಪೊಲೀಸರು ಒಂದು ಲಾರಿ ತಡೆದರು. ಕಟ್ಟಿಗೆಯ ಪೆಟ್ಟಿಗೆಯೊಳಗೆ ಅದೇ ಢೋಲಕಿಬಾಯಿ. ಊರವರು ಓಡಿಹೋಗಿ ನೋಡಿದರೆ ಗುಡಿಯಲ್ಲೂ ಅವಳು ಇದ್ದ ಹಾಗೇ ಇದ್ದಾಳೆ. ತಜ್ಞರು ಬಂದು ಲಾರಿಯಲ್ಲಿ ಸಿಕ್ಕದ್ದೇ ಅಸಲು, ಗೋಡೆಯಲ್ಲಿರುವುದು ನಕಲು ಎಂದರು. ಬಿಚ್ಚಿದ ಕಲ್ಲುಗಳನ್ನು ಇಟ್ಟಿದ್ದ ಶೆಡ್ಡಿನ ಕೀಲಿ ಪಂಡಿತ ಸರ್ ಹತ್ತಿರ ಇತ್ತು. ಕಾಲೇಜು ಅವರನ್ನು ಮನೆಗೆ ಕಳಿಸಿತು. ಬೇರೆ ಊರುಗಳಲ್ಲಿ ಅವರು ಹಿಡಿದಿದ್ದ ಕೆಲಸಗಳೂ ನಿಂತವು. ಊರ ಬಾಯಿಗೆ ಕೈ ಅಡ್ಡ ಹಿಡಿಯಲಾದೀತೆ?

"ನಾ ಮಾಡಿಲ್ಲ ಅಂತನೂ ಅನ್ನವಲ್ಲರು" ಎಂದಳು ಯೋಗಿತಾ. "ಗುಡಿಗಿ ಒಂದು ಸಲ ಹೋಗಿ ಆ ಕಲ್ಲು ನೋಡಿ ಬಂದಾರ. ಅವತ್ತಿನಿಂದ ಮಾತಿಲ್ಲ. ಅವ್ವ ಊಟ ಬಿಟ್ಟಾಳ."

ಸುಮನಬಾಯಿ ಎದ್ದು ಸೆರಗು ಸರಿಮಾಡಿಕೊಂಡಳು. ವೈಜನಾಥ ಚಾವಿ ಹುಡುಕತೊಡಗಿದ.

ಜೀಪಿನಲ್ಲಿ ಯೋಗಿತಾಳ ಬಾಯಿ ಸ್ವಲ್ಪ ಬಿಚ್ಚಿತು. ಅಪ್ಪನ ವಿಷಯ ಎಂದರೆ ಅವಳಿಗೆ ಅಭಿಮಾನ. ಹೊಸ ಕಲ್ಲು ಹಳೆಯದರ ಸೋಗು ಹಾಕಬಾರದು, ಇದು ಅಪ್ಪನ ಮೊದಲ ಪಾಠವಂತೆ. ಮುಂದೆ ನೋಡುವವರಿಗೆ ಯಾವುದು ಹಳೆಯದು, ಯಾವುದು ನಾವು ಹಾಕಿದ್ದು ಎಂದು ತಿಳಿಯಬೇಕು.

"ಮೊದಲ ಹೊಸ ಕಲ್ಲು ಒಂದು ಕಾಳಿನಷ್ಟು ಒಳಗ ಕೂಡಸ್ತಿದ್ರು. ಕೈಯಾಡಿಸಿದ್ರ ಗೊತ್ತಾಗಬೇಕು ಅಂತ. ಆಮ್ಯಾಲ ನೋಡಿದ್ರ ಆ ಅಂಚಿನ್ಯಾಗ ಮಳಿನೀರು ನಿಂತು ಗಚ್ಚು ಕೊಳೀಲತ್ತಿತ್ತು. ನಾಕು ವರ್ಷದ ಹಿಂದ ಅಪ್ಪ ವರ್ಗದಾಗ ನಿಂತು, ಇಷ್ಟು ವರ್ಷ ನಾ ತಪ್ಪು ಕಲಿಸೀನಿ ಅಂತ ಹುಡುಗರ ಮುಂದ ಹೇಳಿದ್ರು. ಈಗ ಸಮನಾಗೇ ಕೂಡಿಸಿ, ಮೂಲ್ಯಾಗ ಇಸವಿ ಕೆತ್ತಸ್ತಾರ."

"ಮಾಸ್ತರ ತಪ್ಪಾತು ಅಂದದ್ದು ನನ್ನ ಜನ್ಮದಾಗ ಕೇಳಿಲ್ಲ" ಎಂದ ವೈಜನಾಥ. "ನಮ್ಮ ಮಾಸ್ತರ ಗಣಿತ ತಪ್ಪಿದ್ರ ಬೋರ್ಡಿಗೇ ಬೈತಿದ್ದ."

ಹುಡುಗಿ ನಕ್ಕಳು. ನಕ್ಕದ್ದಕ್ಕೆ ತಾನೇ ನಾಚಿ ಹೊರಗೆ ನೋಡತೊಡಗಿದಳು.

ಯೋಗಿತಾ ಫೋನಿನಲ್ಲಿ ಹೇಳಿದ್ದರಿಂದ ಗುಡಿಯ ಅಂಗಳದಲ್ಲಿ ಮೂವರು ಕಾದಿದ್ದರು. ಕೆಲಸದ ಗುತ್ತಿಗೆ ಹಿಡಿದಿದ್ದ ಠೇಕೇದಾರ ವೀರಭದ್ರ ದೊಡ್ಡ ಹೊಟ್ಟೆಯ, ಸಣ್ಣ ಸಹನೆಯ ಮನುಷ್ಯ. ಬಾಳು ಗೌಂಡಿ ಗೋಡೆ ಕಟ್ಟಿದವನು, ಈ ಗುಡಿಯ ಕೆಲಸದಲ್ಲೇ ಪಂಡಿತ ಸರ್ ಕೈಕೆಳಗೆ ಸೇರಿದವನು. ನೀಲೇಶ ಪಂಡಿತ ಸರ್ ಅವರ ಹಳೆಯ ವಿದ್ಯಾರ್ಥಿ. ಓದು ಮುಗಿಸಿ ಬಹಳ ವರ್ಷ ಪುಣೆಯಲ್ಲಿದ್ದು, ಹೋದ ವರ್ಷ ಗುರುಗಳು ಕರೆದರೆಂದು ಬಂದು ಈ ಕೆಲಸದ ಮೇಲ್ವಿಚಾರಣೆ ನೋಡಿಕೊಂಡವನು. ಯೋಗಿತಾ ಅವನನ್ನು ಅಣ್ಣ ಎನ್ನುತ್ತಿದ್ದಳು. ಓದುವ ಕಾಲದಲ್ಲಿ ಅವನ ಊಟ ಅವರ ಮನೆಯಲ್ಲೇ.

"ಕಾಯ್ ಸಾಂಗೂ ಬಾಯಿ" ಎಂದು ವೀರಭದ್ರನೇ ಶುರು ಮಾಡಿದ. "ಏನ ಹೇಳಲಿ. ದೀಪಾವಳಿಗಿ ಗೌಂಡಿ ಮಂದಿ ಊರಿಗಿ ಹೋಗಿದ್ರು. ನಾ ಗಾಡಿಯಾಗ ಹಾಯ್ದು ಹೋಗುವಾಗ ಸರ್ ಒಬ್ಬರೇ ಇಲ್ಲಿ ನಿಂತಿದ್ರು. ಕಣ್ಣಾರೆ ಕಂಡೀನಿ. ಬೆಂಕಿ ಇಲ್ಲದ ಹೊಗಿ ಏಳತದೇನು?"

"ಆ ಕಲ್ಲು ಯಾರು ಕೂಡಿಸಿದ್ರು?" ಸುಮನಬಾಯಿ ಕೇಳಿದಳು.

"ಬಾಳೂನ ಮಂದಿ."

"ನಾ ಅಲ್ರೀ" ಎಂದ ಬಾಳು. "ಹಬ್ಬ ಮುಗಿಸಿ ಬರೂದ್ರಾಗ ಕೂತಿತ್ತು. ಠೇಕೇದಾರರು ಬ್ಯಾರೆ ಮಂದಿ ಕರೆಸಿ ಕೂಡಿಸ್ಯಾರ ಅಂತ ತಿಳಕೊಂಡೆ."

"ನಾ ಯಾಕ ಕರೆಸಲಿ? ಕೂಲಿ ಯಾರು ಕೊಡ್ತಾರ?"

ನೀಲೇಶ ತಲೆ ತಗ್ಗಿಸಿ ನಿಂತಿದ್ದ. ಮಾತಾಡುವಾಗ ಅವನ ಕಣ್ಣು ತೇವವಾದವು. "ನನ್ನ ಹತ್ರನೂ ಕೀಲಿ ಇತ್ತು ಬಾಯಿ, ಸುಳ್ಳ್ಯಾಕ ಹೇಳಲಿ. ಆದ್ರ ಹಬ್ಬಕ್ಕ ನಾ ಪುಣೆಗಿ ಹೋಗ್ತೀನಿ ಅಂತ ಹೇಳಿದ್ದೆ. ಸರ್ ಇಂಥಾದ್ದು ಮಾಡಾವರಲ್ಲ. ಯಾರು ಏನಂದ್ರೂ ನಾ ನಂಬೂದಿಲ್ಲ."

ವೈಜನಾಥನಿಗೆ ಹುಡುಗನ ಮೇಲೆ ಪ್ರೀತಿ ಬಂತು. ಸುಮನಬಾಯಿ ಮಾತ್ರ ನಂದಿಯ ಕಡೆ ನಡೆದಳು. ಊರವರು ಆ ಕರಿಕಲ್ಲಿನ ನಂದಿಗೆ ಹಸಿರು ಪೇಂಟ್ ಬಳಿದು, ಕೋಡಿಗೆ ಚಿನ್ನದ ಬಣ್ಣ ಹಚ್ಚಿದ್ದರು.

"ನೋಡ್ರಿ ಇದನ್ನ" ಎಂದ ನೀಲೇಶ, ಈಗ ದನಿ ಬೇರೆಯಾಗಿತ್ತು. "ಸಾವಿರ ವರ್ಷದ ಸಾಮಾನು. ಸರ್ ಎಷ್ಟು ಹೇಳಿದ್ರೂ ಕೇಳಲಿಲ್ಲ. ಇಂಥವರ ಕೈಯಾಗ ಏನರೆ ಉಳೀತದೇನು?"

"ಬಳದವರು ಭಕ್ತಿಲೇ ಬಳದಾರ" ಎಂದಳು ಸುಮನಬಾಯಿ.

ಆಮೇಲೆ ಗೋಡೆಯ ಉದ್ದಕ್ಕೂ ಅಂಗೈ ಸವರುತ್ತ ನಡೆದಳು. ಯೋಗಿತಾ ಹೇಳಿದಂತೆಯೇ ಹೊಸ ಕಲ್ಲುಗಳ ಮೂಲೆಯಲ್ಲಿ ಸಣ್ಣದಾಗಿ ಇಸವಿ. ಹಳೆಯದಕ್ಕೂ ಹೊಸದಕ್ಕೂ ನಡುವೆ ಉಗುರು ಸಿಗಿಸಲೂ ಅಂಚಿಲ್ಲ. ವೈಜನಾಥ ಹಿಂದೆ ಹಿಂದೆ ನಡೆದು, ಗುಡಿಯ ಬಾಗಿಲಲ್ಲಿ ಪೂಜೆಯ ತಟ್ಟೆಯಲ್ಲಿದ್ದ ಅಕ್ಷತೆ ತೆಗೆದುಕೊಂಡು ಪ್ರತಿ ಶಿಲ್ಪಕ್ಕೂ ನಾಲ್ಕು ಕಾಳು ಹಾಕುತ್ತ ಬಂದ. ಕಾಳು ಗೋಡೆಗೆ ತಾಗಿ ನೆಲಕ್ಕೆ ಉದುರಿದವು. ಢೋಲಕಿಬಾಯಿಯ ಮುಂದೆ ಒಂದು ಗಳಿಗೆ ಅನುಮಾನಿಸಿದ. ನಕಲಾದರೇನು, ಮುಖ ಅವಳದೇ ಅಲ್ಲವೆ? ಅವಳಿಗೂ ಹಾಕಿದ. ಎರಡು ಕಾಳು ಅವಳ ಪಾದದ ಕೆಳಗೆ, ಕೆಳಗಿನ ಕಲ್ಲಿನ ಅಂಚಿನ ಮೇಲೆ, ನಿಂತೇ ಬಿಟ್ಟವು.

"ಪುಣ್ಯವಂತ ನೀ ವೈಜು" ಎಂದಳು ಸುಮನಬಾಯಿ. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಕೇಳಿದರೆ ಹೇಳುವವಳೂ ಅಲ್ಲ.

ಅಲ್ಲಿಂದ ಉದಗೀರಕ್ಕೆ ಹೋದರು. ಪಂಡಿತ ಸರ್ ಮನೆಯ ಪಡಸಾಲೆಯಲ್ಲಿ ಕೈಕಟ್ಟಿ ಕುಳಿತಿದ್ದರು. ತೆಳ್ಳಗಿನ ಮೈ, ಸುಣ್ಣಕ್ಕೆ ಸವೆದ ಬೆರಳುಗಳು. ಮಾತಾಡಿಸಿದರೆ ಶರಣು ಎಂದರು, ಅಷ್ಟೇ. ದೀಪಾವಳಿಗೆ ಗುಡಿಗೆ ಹೋಗಿದ್ದಿರಾ ಎಂದರೆ, ಹೋಗಿದ್ದೆ, ಗಚ್ಚಿಗೆ ನೀರು ಹೊಡೆಯುವವರಿಲ್ಲ ಎಂದು ಹೋಗಿದ್ದೆ ಎಂದರು. ಆಗ ಢೋಲಕಿಬಾಯಿ ಗೋಡೆಯಲ್ಲಿ ಇದ್ದಳೋ ಎಂದರೆ ತಮ್ಮ ಬೆರಳುಗಳನ್ನೇ ನೋಡತೊಡಗಿದರು.

"ಸರ್, ನಾ ಆ ಕಲ್ಲು ನೋಡಿ ಬಂದೀನಿ" ಎಂದಳು ಸುಮನಬಾಯಿ. "ಬರೇ ನೋಡಿಲ್ಲ. ಮುಟ್ಟೀನಿ."

ಪಂಡಿತ ಸರ್ ತಟ್ಟನೆ ತಲೆಯೆತ್ತಿದರು. ಅವರ ಮುಖದಲ್ಲಿ ಹೆದರಿಕೆ ಇತ್ತು. ಇಷ್ಟು ಹೊತ್ತು ಕಳ್ಳನೆನಿಸಿಕೊಂಡು ಕುಳಿತವರಿಗೆ ಇಲ್ಲದ ಹೆದರಿಕೆ ಈಗ ಯಾಕೆ ಬಂತೆಂದು ವೈಜನಾಥನಿಗೆ ಅರ್ಥವಾಗಲಿಲ್ಲ.

"ಬಿಟ್ಟುಬಿಡ್ರಿ ಬಾಯಿ" ಎಂದರು. "ಹೋಗೂದು ನನ್ನ ಹೆಸರು ತಾನೇ. ಹೋಗಲಿ."

"ಹೆಸರು ನಿಮ್ಮದೊಬ್ಬರದ ಆಗಿದ್ರ ಬಿಡ್ತಿದ್ದೆ" ಎಂದು ಸುಮನಬಾಯಿ ಒಳಬಾಗಿಲ ಕಡೆ ನೋಡಿದಳು. ಅಲ್ಲಿ ಯೋಗಿತಾ ತಾಯಿಯ ಹೆಗಲು ಹಿಡಿದು ನಿಂತಿದ್ದಳು. "ನಾಳಿ ಮುಂಜಾನಿ ಗುಡಿಗಿ ಬರ್ರಿ."

ಮರುದಿನ ಗುಡಿಯ ಅಂಗಳದಲ್ಲಿ ಎಲ್ಲರೂ ಕೂಡಿದರು. ಪಂಡಿತ ಸರ್, ಯೋಗಿತಾ, ನೀಲೇಶ, ಠೇಕೇದಾರ, ಬಾಳು. ನಿಲಂಗಾದಿಂದ ಬಂದ ತರುಣ ಫೌಜದಾರ ವೈಭವ. ಸುತ್ತ ಊರ ಹಿರಿಯರು. ಪಂಡಿತ ಸರ್ ಒಳಗೆ ಬಂದಾಗ ಯಾರೂ ಎದ್ದು ನಿಲ್ಲಲಿಲ್ಲ. ಒಬ್ಬ ಮುದುಕ ಉಗುಳಿದ. ಯೋಗಿತಾ ಅಪ್ಪನಿಗೆ ಇನ್ನೂ ಹತ್ತಿರ ಸರಿದಳು.

ಚಹಾ ಬರುವುದು ತಡವಿತ್ತು. ಅಂಗಳದ ಕಂಪೌಂಡ್ ಗೋಡೆಯಲ್ಲಿ ಒಂದು ಕಲ್ಲಿನ ಜಾಗ ಖಾಲಿ ಉಳಿದಿತ್ತು, ಕೆಳಗೆ ಅದಕ್ಕೆಂದು ಕಡಿದಿಟ್ಟ ಹೊಸ ಕಲ್ಲು. ಸುಮನಬಾಯಿ ಹಳೆಯ ಕಟ್ಟೆಗೆ ಒರಗಿ, ಸುಮ್ಮನೆ ಹೊತ್ತು ಕಳೆಯುವವಳ ಹಾಗೆ ಹೇಳಿದಳು: "ಇದೊಂದ್ಯಾಕ ಬಾಕಿ ಇಟ್ಟೀರಿ? ಬಾಳು, ಕೂಡಸು ನೋಡೂಣು."

ಬಾಳು ದಾರ ಕಟ್ಟಿ, ಕಲ್ಲನ್ನು ದಾರಕ್ಕೆ ಸಮವಾಗಿ ಕೂಡಿಸಿದ. ಸುಮನಬಾಯಿ ಅದನ್ನು ತೆಗೆಸಿದಳು. "ಠೇಕೇದಾರರ ಕೈ ನೋಡೂಣು." ಜನ ನಕ್ಕರು. ವೀರಭದ್ರ ತೇಕುತ್ತ ಕಲ್ಲನ್ನು ನೂಕಿ ಸೊಟ್ಟಗೆ ನಿಲ್ಲಿಸಿದ. ಅದನ್ನೂ ತೆಗೆಸಿದಳು. "ನೀಲೇಶ, ಬಾ ತಮ್ಮಾ. ನೀನೇ ಮುಗಿಸು. ಊರವರ ಕಡಿಂದ ನಿನಗ ಚಹಾ."

ನೀಲೇಶನೂ ಸ್ವಲ್ಪ ನಕ್ಕ. ತೋಳು ಮಡಚಿ, ಗಚ್ಚು ಹರಡಿ, ಕಲ್ಲೆತ್ತಿ ಕೂಡಿಸಿದ. ಎಡಕ್ಕೆ ಬಲಕ್ಕೆ ತಟ್ಟಿದ. ಕೊನೆಗೆ ಎರಡು ಹೆಬ್ಬೆರಳು ಊರಿ ಒಂದಿಷ್ಟು ಒಳಕ್ಕೆ ಒತ್ತಿದ. ಕೈ ಒರೆಸಿಕೊಂಡು ಹಿಂದೆ ಸರಿದ.

ಪಂಡಿತ ಸರ್ ಕಣ್ಣು ಮುಚ್ಚಿಕೊಂಡಿದ್ದರು.

"ಫೌಜದಾರರ, ಆ ಕಲ್ಲಿನ ಮ್ಯಾಲ ಕೈಯಾಡಿಸ್ರಿ" ಎಂದಳು ಸುಮನಬಾಯಿ. "ಆಮ್ಯಾಲ ಢೋಲಕಿಬಾಯಿ ಮ್ಯಾಲ ಆಡಿಸ್ರಿ."

ವೈಭವ ಎರಡನ್ನೂ ಮುಟ್ಟಿ ನೋಡಿದ. "ಎರಡೂ ಒಂದು ಕಾಳಿನಷ್ಟು ಒಳಗವ."

"ಈ ಗುಡಿಯಾಗ ಬ್ಯಾರೆ ಯಾವ ಕಲ್ಲೂ ಹಂಗಿಲ್ಲ. ನಿನ್ನಿ ನಮ್ಮ ವೈಜು ಅಕ್ಷತೆ ಹಾಕಿದಾಗ ಎಲ್ಲಾ ಕಡೆ ಕಾಳು ಉದರಿದವು, ಇಲ್ಲಿ ನಿಂತವು. ನಕಲಿ ಕಲ್ಲು ಹಳೀದರಂಗ ಕಾಣಬೇಕು ಅನ್ನಾಂವ ಅದನ್ನ ಸಮನಾಗಿ ಕೂಡಸಬೇಕಿತ್ತು. ಒಳಗ ಯಾಕ ಕೂಡಿಸಿದ? ವಿಚಾರ ಮಾಡ್ರಿ. ಬಾಳು ದಾರಾ ನೋಡಿ ಕೂಡಸ್ತಾನ. ಅಂವಾ ಕಲ್ತದ್ದೇ ಹೊಸ ಪದ್ಧತಿ. ಠೇಕೇದಾರರು ಒಂದು ಕಲ್ಲು ನೆಟ್ಟಗ ನಿಂದರಸಲಾರರು, ಈಗ ನೋಡಿದಿರಿ."

"ಅದೆಲ್ಲ ಖರೇ. ಆದ್ರ ಒಳಗ ಕೂಡಸೂ ಪದ್ಧತಿ ಸರ್‌ದೇ ಅಲ್ಲೇನು?" ಎಂದ ವೀರಭದ್ರ.

"ಸರ್‌ದೇ ಇತ್ತು. ಮಳಿನೀರು ನಿಂದರತದ ಅಂತ ತಾವೇ ಬಿಟ್ರು, ತಪ್ಪಾತು ಅಂತ ವರ್ಗದಾಗ ಹೇಳಿದ್ರು. ತಾವೇ ತಪ್ಪು ಅಂದದ್ದನ್ನ, ಅದೂ ಕದ್ದು ಮಾಡೂ ಕೆಲಸದಾಗ, ಮತ್ತ ಯಾಕ ಮಾಡ್ತಾರ? ಇದು ಆ ಹಳೇ ಪಾಠ ಕಲ್ತು, ಆ ಮಾತು ಹೇಳೂಕಿಂತ ಮೊದಲೇ ಊರು ಬಿಟ್ಟು ಹೋದಾಂವನ ಕೈ. ಸರ್‌ಗ ಅಂಥ ವಿದ್ಯಾರ್ಥಿಗಳು ಭಾಳ ಅದಾರ. ಶೆಡ್ಡಿನ ಕೀಲಿ ಇದ್ದಾಂವ ಒಬ್ಬನೇ."

ನೀಲೇಶ ಒಂದು ಹೆಜ್ಜೆ ಮುಂದೆ ಬಂದ. "ಹೊಸ ಪದ್ಧತಿ ನನಗ ಗೊತ್ತದ ಬಾಯಿ. ಇಲ್ಲಿ ಪ್ರತಿ ಕಲ್ಲಿಗೂ ಇಸವಿ ಕೆತ್ತಿಸಿದಾಂವ ನಾನೇ."

"ಗೊತ್ತದ. ತಲಿಗಿ ಗೊತ್ತದ. ಕೆತ್ತಿಸಿದಿ, ಕೂಡಿಸಲಿಲ್ಲ. ಕೂಡಿಸಾಂವ ಬಾಳು. ನೀ ನಿನ್ನ ಕೈಯಾರೆ ಕೂಡಿಸಿದ್ದು ಒಂದೇ ಕಲ್ಲು, ಹಬ್ಬದಾಗ, ಯಾರೂ ಇಲ್ಲದಾಗ. ಪುಣೆಗಿ ಹೋಗ್ತೀನಿ ಅಂತ ಹೇಳಿದ್ದೆ ಅಂದಿ, ಹೋಗಿದ್ದೆ ಅನ್ನಲಿಲ್ಲ. ಕಳವು ಮಾಡೂದು ತಲಿ ತಮ್ಮಾ, ಕಲ್ಲು ಕೂಡಸೂದು ಕೈ. ಕೈಗಿ ಸುಳ್ಳು ಕಲಿಸಲಿಕ್ಕ ನಿನಗ ಆಗಲಿಲ್ಲ."

ನೀಲೇಶ ಮೆಲ್ಲಗೆ ನಡೆದುಹೋಗಿ ಢೋಲಕಿಬಾಯಿಯ ಅಂಚಿನ ಮೇಲೆ ಹೆಬ್ಬೆರಳು ಇಟ್ಟ. ಆ ಅಂಚನ್ನು ಅವನು ಅಲ್ಲಿಯತನಕ ಕಂಡಿರಲಿಲ್ಲ ಎಂಬುದು ವೈಜನಾಥನಂಥ ವೈಜನಾಥನಿಗೂ ತಿಳಿಯಿತು. ಹುಡುಗ ಈ ಕಡೆ ತಿರುಗಿದಾಗ, ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ನಂದಿ ನೋಡಿದಿರಲ್ಲ" ಎಂದ. "ನಾಳಿ ಈಕಿಗೂ ಪೇಂಟ್ ಹಚ್ಚತಿದ್ರು. ಹೈದರಾಬಾದಿನ್ಯಾಗ ಒಬ್ಬರು, ಗಾಜಿನ್ಯಾಗ ಇಟ್ಟು ಕಾಯ್ತೀನಿ ಅಂದ್ರು. ರೊಕ್ಕಾನೂ ಕೊಟ್ರು, ಇಲ್ಲ ಅನ್ನೂದಿಲ್ಲ. ಆದ್ರ ಈಕಿ ಉಳೀತಾಳ ಅನಸ್ತು. ಕಾಲೇಜಿನ್ಯಾಗಿದ್ದ ಈಕಿ ಫೋಟೋ, ಅಳತಿ ಕೊಟ್ಟು ದೂರದ ಊರಾಗ ನಕಲು ಕೆತ್ತಿಸಿದೆ. ಸರ್ ಮ್ಯಾಲ ಬರತದ ಅಂತ ನನಗ ಗೊತ್ತಿರಲಿಲ್ಲ."

"ಬಂದ ಮ್ಯಾಲ ಗೊತ್ತಾತಲ್ಲ" ಎಂದಳು ಯೋಗಿತಾ.

ಸುಮನಬಾಯಿ ಪಂಡಿತ ಸರ್ ಕಡೆ ತಿರುಗಿದಳು. "ನೀವು ಮೊದಲನೇ ದಿನಾನೇ ಗುರತ ಹಿಡದಿದ್ರಿ."

"ಹಬ್ಬದಾಗ ಬಂದಾಗ ಕಲ್ಲು ಕೂತದ್ದು ದೂರಿಂದ ನೋಡಿದ್ದೆ, ಬಾಳು ಹೋಗೂ ಮುಂಚೆ ಕೂಡಿಸ್ಯಾನ ಅಂತ ತಿಳದಿದ್ದೆ" ಎಂದರು ಅವರು. "ಸುದ್ದಿ ಬಂದ ಮ್ಯಾಲ ಮುಟ್ಟಿ ನೋಡಿದೆ. ಗೊತ್ತಾತು. ವಿದ್ಯಾರ್ಥಿ ಆಗಿದ್ದಾಗ ಅವನ ಕೈ ಹಿಡದು, ಇಷ್ಟೇ ಒಳಗ ಅಂತ ಒತ್ತಿಸಿದಾಂವ ನಾನೇ. ಊರು ನನ್ನ ಕಳ್ಳ ಅಂದ್ರ ಮುದುಕ ಒಬ್ಬಾಂವ ಹೋಗ್ತಾನ ಅಂದುಕೊಂಡೆ. ಅಂವಾ ಹ್ವಾದ್ರ ನಾ ಕಲಿಸಿದ್ದೇ ಹೋಗತದ."

"ನಾನು? ಅವ್ವ?" ಯೋಗಿತಾಳ ದನಿ ಈಗ ಒಡೆಯಿತು. "ನಿಮ್ಮನ್ನ ನಂಬಿ ನಾ ಊರೂರು ಅಲೀಲತ್ತೀನಿ. ಒಬ್ಬಾಕಿ ಮಗಳು ಅದಾಳ ಅಂತ ನಿಮಗ ನೆನಪಾಗಲಿಲ್ಲೇನು ಅಪ್ಪಾ? ನನಗ ಒಂದು ಮಾತು ಹೇಳಬಹುದಿತ್ತು."

ಅವಳು ದೂರ ಸರಿದು, ಹಸಿರು ನಂದಿಯ ಪಕ್ಕ ಹೋಗಿ ನಿಂತಳು.

ಉಗುಳಿದ್ದ ಮುದುಕ ಎದ್ದು ಬಂದು ಸರ್ ಕಾಲಿಗೆ ಬಾಗಿದ. ತಪ್ಪಾಯಿತು ಎಂದ. ಹಿರಿಯರೂ ಒಬ್ಬೊಬ್ಬರಾಗಿ ಎದ್ದರು. ಪಂಡಿತ ಸರ್‌ಗೆ ಆ ಮಾತು ಕೇಳಿಸಿದಂತೆ ಕಾಣಲಿಲ್ಲ. ವೈಭವ ನೀಲೇಶನ ತೋಳು ಹಿಡಿದು ಗಾಡಿಯ ಕಡೆ ನಡೆಸಿದ. ಜನರ ನಡುವಿನಿಂದ ಹಾಯುವಾಗ ಬೈಗುಳ ಎದ್ದವು. ಗಾಡಿಯ ಬಾಗಿಲಿನ ಹತ್ತಿರ ಪಂಡಿತ ಸರ್ ಅವಸರದಿಂದ ಹೋಗಿ ಅಡ್ಡ ನಿಂತರು. ಹೊಡೆಯುತ್ತಾರೋ ಏನೋ ಎಂದು ವೈಜನಾಥ ಹಿಂದೆಯೇ ಓಡಿದ.

"ನೀಲ್ಯಾ" ಎಂದರು ಸರ್. "ಲಾರಿಗಿ ಹಾಕುವಾಗ ಈಕಿ ಢೋಲಕಿ ಹಿಡದ ಕೈಗಿ ಏನೂ ಆಗಿಲ್ಲ ಹೌದಿಲ್ಲೋ? ಭಾಳ ತೆಳ್ಳಗದ ಅದು."

"ಇಲ್ಲ ಸರ್" ಎಂದ ನೀಲೇಶ. ಅವನಿಗೆ ತಲೆಯೆತ್ತಲು ಆಗುತ್ತಿರಲಿಲ್ಲ. "ಮೊದಲ ಮೆತ್ತನ ಅರಬಿ ಸುತ್ತಿದೆ, ಆಮ್ಯಾಲ ಹುಲ್ಲು ತುಂಬಿದೆ. ಮಲಗಿಸಲಿಲ್ಲ, ನಿಂದರಿಸಿ ಕಟ್ಟಿದೆ. ನೀವು ಕಲಿಸಿದಂಗೇ."

"ಚಲೋ ಮಾಡಿದಿ" ಎಂದುಬಿಟ್ಟರು ಪಂಡಿತ ಸರ್.

ಜೀವಮಾನವೆಲ್ಲ ಹುಡುಗರಿಗೆ ಆಡಿದ ಮಾತು, ತಾನಾಗಿಯೇ ಬಾಯಿಂದ ಬಿದ್ದಿತ್ತು. ಬಿದ್ದ ಮೇಲೆ ತಾವೇ ಅದನ್ನು ಕೇಳಿಸಿಕೊಂಡರು. ಗಾಡಿ ಹೊರಟಿತು. ಅವರು ಗುಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತು, ಊರೆಲ್ಲ ನೋಡುತ್ತಿದ್ದರೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಏನು ಮಾಡಬೇಕೆಂದು ತಿಳಿಯದೆ ವೈಜನಾಥ ವೈನಿಯ ಮುಖ ನೋಡಿದ. ಅವಳು ಬೇಡ ಎಂಬಂತೆ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಯೋಗಿತಾ ನಂದಿಯ ಹತ್ತಿರದಿಂದ ಬಂದು ಅಪ್ಪನ ಕೆಳಗಿನ ಮೆಟ್ಟಿಲಲ್ಲಿ ಕುಳಿತಳು.